ಪಳಗಿದ ಕೈಗೆ ಚೆಂಡು ಸಿಗದಾದಾಗ

2012ರ ಏಪ್ರಿಲ್ ತಿಂಗಳಿನಿಂದ ಮಾತು ಆರಂಭಿಸುತ್ತೇನೆ. ಆ ತಿಂಗಳು ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳೆಲ್ಲ ಆಲ್ಬರ್ಟ್ ಪೂಹೋಲ್ಸ್ ಅವರನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಹನ್ನೊಂದು ವರ್ಷ ಆಡಿ, .328ರ ಸರಾಸರಿಯನ್ನೂ 445 ಹೋಮ್ ರನ್‌ಗಳನ್ನೂ (ಚೆಂಡನ್ನು ಮೈದಾನದ ಬೇಲಿಯಾಚೆಗೆ ಅಟ್ಟುವ ಹೊಡೆತ) ಗಳಿಸಿ, ಹತ್ತು ವರ್ಷಕ್ಕೆ 24 ಕೋಟಿ ಡಾಲರ್‌ಗಳ ಒಪ್ಪಂದದ ಮೇಲೆ ಲಾಸ್ ಏಂಜಲೀಸ್ ಏಂಜಲ್ಸ್ ತಂಡವನ್ನು ಸೇರಿದ್ದ ಈ ಮಹಾ ಆಟಗಾರ, ಹೊಸ ತಂಡದ ಅಂಗಿ ತೊಟ್ಟ ಮೊದಲ ತಿಂಗಳಿಡೀ ಒಂದೇ ಒಂದು ಹೋಮ್ ರನ್ ಹೊಡೆಯಲಿಲ್ಲ. ತಿಂಗಳ ಕೊನೆಗೆ ಅವರ ಸರಾಸರಿ .217ಕ್ಕೆ ಇಳಿದಿತ್ತು. ಮೊದಲ ಹೋಮ್ ರನ್ ಬಂದದ್ದು ಮೇ 6ರಂದು, ಅಷ್ಟರಲ್ಲಿ ಅವರು ನೂರಕ್ಕೂ ಹೆಚ್ಚು ಸಲ ಬ್ಯಾಟ್ ಹಿಡಿದು ನಿಂತು ಹಿಂದಿರುಗಿದ್ದರು. ಆದರೆ ಸೆಪ್ಟೆಂಬರ್ ಮುಗಿದು ಲೆಕ್ಕ ನೋಡಿದಾಗ ಅದೇ ಪೂಹೋಲ್ಸ್ .285ರ ಸರಾಸರಿಯಲ್ಲಿ 30 ಹೋಮ್ ರನ್ ಹೊಡೆದಿದ್ದರು.

ಹಾಗಾದರೆ ಆ ಏಪ್ರಿಲ್‌ನಲ್ಲಿ ನಡೆದದ್ದೇನು? ತೋಳಿನ ಕಸುವು ಒಂದು ತಿಂಗಳು ರಜೆ ಹಾಕಿ ಮರಳಿ ಬರುವಂಥದ್ದಲ್ಲ. ಹನ್ನೊಂದು ವರ್ಷದ ಅನುಭವ ಚಳಿಗಾಲದಲ್ಲಿ ಕರಗಿ ಬೇಸಿಗೆಯಲ್ಲಿ ಮತ್ತೆ ಗಟ್ಟಿಯಾಗುವುದೂ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಸ್ಲಂಪ್ ಎನ್ನುತ್ತಾರೆ. ನಾವು ಲಯ ತಪ್ಪುವುದು ಎನ್ನಬಹುದು. ಈ ಲಯ ತಪ್ಪುವಿಕೆ ಹೊಸಬರಿಗೂ ಉಂಟು, ಹಳಬರಿಗೂ ಉಂಟು. ಆದರೆ ಹಳಬರದ್ದು ಬೇರೆಯೇ ಜಾತಿಯ ಕಾಯಿಲೆ ಎಂಬುದು ನನ್ನ ಅಭಿಪ್ರಾಯ. ಹೊಸಬ ತನಗೆ ಗೊತ್ತಿಲ್ಲದ್ದರಿಂದ ಸೋಲುತ್ತಾನೆ. ಹಳಬ ಬಹುಪಾಲು ಸೋಲುವುದು ತನ್ನಲ್ಲಿ ಕಂಡ ಕೊರತೆಯನ್ನು ಮುಚ್ಚಲು ಮಾಡಿಕೊಂಡ ಉಪಾಯದಿಂದ. ಈ ಮಾತಿಗೆ ಆಧಾರ ಒದಗಿಸುವ ಮೊದಲು, ಸ್ಲಂಪ್ ಅಲ್ಲದ ಸ್ಲಂಪನ್ನು ಪಕ್ಕಕ್ಕಿಡಬೇಕಾಗುತ್ತದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲಿನ ಸರಾಸರಿ ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ .300 ಎಂದರೆ ಹತ್ತು ಸರದಿಗಳಲ್ಲಿ ಮೂರು ಹಿಟ್, ಅಂದರೆ ಔಟಾಗದೆ ಬೇಸ್ ತಲುಪಿಸುವ ಮೂರು ಹೊಡೆತ. ಅಂದರೆ ಹತ್ತರಲ್ಲಿ ಏಳು ಸಲ ಔಟಾಗುವವನು ಆ ಆಟದಲ್ಲಿ ಶ್ರೇಷ್ಠ. ಸೋಲೇ ಇಷ್ಟು ಸಾಮಾನ್ಯವಾದ ಆಟದಲ್ಲಿ ಸೋಲುಗಳು ಸಾಲಾಗಿ ಬರುವುದು ಕೂಡ ಸಾಮಾನ್ಯವೇ. ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿ ಸರದಿಯಲ್ಲೂ ಹಿಟ್ ಪಡೆಯುವ ಸಂಭವ ನೂರಕ್ಕೆ ಮೂವತ್ತು ಇರುವ, ಎಂದೂ ಲಯ ತಪ್ಪದ ಒಬ್ಬ ಯಂತ್ರಮಾನವನನ್ನು ಕಲ್ಪಿಸಿಕೊಳ್ಳಿ. ವರ್ಷಕ್ಕೆ 600 ಸರದಿ ಆಡುವ ಆ ಯಂತ್ರವೂ ವರ್ಷದಲ್ಲಿ ಒಮ್ಮೆಯಾದರೂ ಸತತ ಹದಿನೈದು ಸರದಿಗಳಲ್ಲಿ ಹಿಟ್ ಇಲ್ಲದೆ ಹಿಂದಿರುಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಸತತ ಇಪ್ಪತ್ತು ಸರದಿ ಬರಿಗೈಯಲ್ಲಿ ಮರಳುವ ಸಂಭವ ಕೂಡ ಎಂಟರಲ್ಲಿ ಒಂದರಷ್ಟಿದೆ. ಯಾವುದೇ ನೂರು ಸರದಿಗಳ ತುಣುಕನ್ನು ತೆಗೆದುಕೊಂಡರೆ ಅದರ ಸರಾಸರಿ .254ರಿಂದ .346ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಮೂರರಲ್ಲಿ ಒಂದು ಸಲ ಆ ಎಲ್ಲೆಯನ್ನೂ ಮೀರಬಹುದು. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಆದರೂ ಮರುದಿನದ ಪತ್ರಿಕೆ ಅದರ ಮೊಣಕಾಲು, ಕಣ್ಣು, ಸಂಸಾರ ಎಲ್ಲವನ್ನೂ ಜಾಲಾಡಿಸಿ ಬರೆಯುತ್ತದೆ.

ಹೊಡೆದ ಚೆಂಡು ಎಲ್ಲಿ ಬೀಳುತ್ತದೆ ಎಂಬುದರಲ್ಲಿಯೂ ಅದೃಷ್ಟದ ಪಾಲು ದೊಡ್ಡದು. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ, ಹೋಮ್ ರನ್‌ಗಳನ್ನು ಬಿಟ್ಟರೆ, ನೂರಕ್ಕೆ ಮೂವತ್ತರಷ್ಟು ಮಾತ್ರ ಹಿಟ್ ಆಗುವುದು ವರ್ಷಗಳಿಂದ ಕಂಡುಬಂದ ಸಾಮಾನ್ಯ ಪ್ರಮಾಣ. ಬ್ಯಾಟಿನ ನಡುಮಧ್ಯಕ್ಕೆ ತಾಗಿ ಗುಂಡಿನಂತೆ ಹೋದ ಚೆಂಡು ಫೀಲ್ಡರನ ಕೈಗವಸಿಗೆ ನೇರವಾಗಿ ಹೋಗಿ ಬೀಳಬಹುದು. ತುದಿಗೆ ತಾಗಿ ಸೊಟ್ಟಗೆ ಹಾರಿದ ಚೆಂಡು ಇಬ್ಬರು ಫೀಲ್ಡರರ ನಡುವೆ ಮೆಲ್ಲಗೆ ಇಳಿಯಬಹುದು. 2015ರಿಂದ ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗಿನ ಎಲ್ಲ ಮೈದಾನಗಳಲ್ಲಿಯೂ ಸ್ಟ್ಯಾಟ್‌ಕ್ಯಾಸ್ಟ್ ಎಂಬ ವ್ಯವಸ್ಥೆ ಚೆಂಡು ಬ್ಯಾಟನ್ನು ಬಿಟ್ಟು ಹೊರಡುವ ವೇಗವನ್ನೂ ಕೋನವನ್ನೂ ಅಳೆಯುತ್ತಿರುವುದರಿಂದ, ಈಗ ಅದೃಷ್ಟವನ್ನೂ ಹೊಡೆತದ ಗುಣವನ್ನೂ ಒಂದು ಮಟ್ಟಿಗೆ ಬೇರ್ಪಡಿಸಬಹುದು. ಸರಾಸರಿ ಕುಸಿದಿದ್ದರೂ ಚೆಂಡು ಮೊದಲಿನಷ್ಟೇ ಬಿರುಸಾಗಿ ಹೊರಡುತ್ತಿದ್ದರೆ ತಂಡದವರು ಸುಮ್ಮನಿರುತ್ತಾರೆ. ಬಿರುಸೇ ತಗ್ಗಿದ್ದರೆ ಮಾತು ಬೇರೆ.

ನ್ಯೂಯಾರ್ಕ್ ಯಾಂಕೀಸ್ ತಂಡದ ಡೆರೆಕ್ ಜೀಟರ್ 2004ರ ಏಪ್ರಿಲ್‌ನಲ್ಲಿ ಸತತ 32 ಸರದಿಗಳಲ್ಲಿ ಹಿಟ್ ಕಾಣಲಿಲ್ಲ. ಏಪ್ರಿಲ್ 29ರಂದು ಓಕ್‌ಲ್ಯಾಂಡ್ ತಂಡದ ಬ್ಯಾರಿ ಜೀಟೊ ಎಸೆದ ಮೊದಲ ಚೆಂಡನ್ನೇ ಹೋಮ್ ರನ್‌ಗೆ ಅಟ್ಟಿ ಆ ಸಾಲನ್ನು ಮುರಿದರು. ವರ್ಷದ ಕೊನೆಗೆ ಸರಾಸರಿ.292. ಮೂವತ್ತೆರಡು ಸರದಿಗಳನ್ನು ಪೂರ್ತಿ ಅದೃಷ್ಟದ ತಲೆಗೆ ಕಟ್ಟಲಾಗದು, ನಿಜ. ಆದರೆ ಅದರ ಮೊದಲ ಹತ್ತೋ ಹನ್ನೆರಡೋ ಬರಿಯ ಅದೃಷ್ಟದ ಆಟವಾಗಿದ್ದು, ಉಳಿದವು ಆ ಹತ್ತು ಹನ್ನೆರಡನ್ನು ಮನಸ್ಸಿಗೆ ಹಚ್ಚಿಕೊಂಡುದರ ಫಲವಾಗಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸುಳ್ಳು ಸ್ಲಂಪು ನಿಜವಾದ ಸ್ಲಂಪಾಗಿ ಹೊರಳುವುದು ಹೀಗೆಯೇ. ಕೆಡದೆ ಇದ್ದುದನ್ನು ರಿಪೇರಿ ಮಾಡಲು ಹೊರಡುವುದೇ ಅದರ ಆರಂಭ.

ಇನ್ನು ರಿಪೇರಿಗೆ ಒಳಗಾಗುವ ಆ ವಸ್ತು ಎಷ್ಟು ನಾಜೂಕಾದುದು ಎಂಬುದನ್ನು ನೋಡಬೇಕು. ಚೆಂಡೆಸೆಯುವ ಪಿಚರ್ ನಿಲ್ಲುವ ಹಲಗೆಗೂ ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟಿಗೂ ನಡುವೆ 60 ಅಡಿ 6 ಅಂಗುಲ ದೂರವಿದೆ. 1893ರಿಂದ ಅದು ಬದಲಾಗಿಲ್ಲ. ಪಿಚರ್ ಮುಂದಕ್ಕೆ ಹೆಜ್ಜೆ ಹಾಕಿ, ತೋಳು ಚಾಚಿ ಎಸೆಯುವುದರಿಂದ ಚೆಂಡು ಅವನ ಕೈ ಬಿಡುವಾಗ ಉಳಿದಿರುವ ದೂರ ಸುಮಾರು 55 ಅಡಿ. ಗಂಟೆಗೆ 95 ಮೈಲಿ, ಅಂದರೆ 153 ಕಿಲೋಮೀಟರ್ ವೇಗದ ಫಾಸ್ಟ್‌ಬಾಲ್ ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಬ್ಯಾಟ್ ಬೀಸುವುದಕ್ಕೇ ಸುಮಾರು 0.15 ಸೆಕೆಂಡು ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಚೆಂಡು ಯಾವುದು, ಎಲ್ಲಿಗೆ ಬರುತ್ತದೆ, ಬೀಸಬೇಕೋ ಬೇಡವೋ ಎಂಬುದೆಲ್ಲ ತೀರ್ಮಾನವಾಗಬೇಕು. ಬ್ಯಾಟಿನ ಅತಿ ದಪ್ಪ ಭಾಗವೇ 2.61 ಅಂಗುಲ, ಚೆಂಡಿನ ವ್ಯಾಸ ಮೂರು ಅಂಗುಲಕ್ಕಿಂತ ತುಸು ಕಡಿಮೆ. ಎರಡೂ ದುಂಡಗಿನ ವಸ್ತುಗಳು. ಅರ್ಧ ಅಂಗುಲ ಮೇಲೆ ಕೆಳಗೆ ತಾಗಿದರೆ ನೆಟ್ಟಗೆ ಹೋಗಬೇಕಾದದ್ದು ಆಕಾಶಕ್ಕೆ ಏರುತ್ತದೆ ಇಲ್ಲವೆ ನೆಲಕ್ಕೆ ಬಡಿಯುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೆಚ್ಚುಕಡಿಮೆಯಾದರೆ ಮೈದಾನದ ನಡುವೆ ಹೋಗಬೇಕಾದ ಚೆಂಡು ಬದಿಯ ಎಲ್ಲೆಯಾದ ಫೌಲ್ ಗೆರೆಯ ಆಚೆಗೆ ಬೀಳುತ್ತದೆ.

ಆ ನೂರನೇ ಒಂದು ಭಾಗವನ್ನು ನೆನಪಿನಲ್ಲಿಡಿ. ಹಳೆಯ ಬ್ಯಾಟರನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ.

ಬ್ಯಾಟರುಗಳ ಅತ್ಯುತ್ತಮ ವರ್ಷಗಳು ಸಾಮಾನ್ಯವಾಗಿ ಇಪ್ಪತ್ತಾರು ಇಪ್ಪತ್ತೇಳರಿಂದ ಮೂವತ್ತರೊಳಗೆ ಬಂದು ಹೋಗುತ್ತವೆ. ಆಮೇಲಿನ ಇಳಿತ ಮೆಟ್ಟಿಲಿನಂತೆ ಕಾಣಿಸಿಕೊಳ್ಳುವುದಿಲ್ಲ. ಸೊಂಟ ತಿರುಗುವ ಬಿರುಸು, ಕಣ್ಣಿಗೆ ಕಂಡದ್ದಕ್ಕೆ ಮೈ ಉತ್ತರಿಸುವ ಚುರುಕು ಕೂದಲೆಳೆಯಷ್ಟು ಕಡಿಮೆಯಾಗುತ್ತ ಹೋಗುತ್ತವೆ. ಮೂವತ್ತಮೂರರ ಬ್ಯಾಟರ್ ಕನ್ನಡಿಯಲ್ಲಿ ನೋಡಿಕೊಂಡರೆ ವ್ಯತ್ಯಾಸವೇನೂ ತೋರದು. ಅಭ್ಯಾಸದ ವೇಳೆ ನಿಧಾನವಾಗಿ ಎಸೆದ ಚೆಂಡುಗಳನ್ನು ಆತ ಮೊದಲಿನಂತೆಯೇ ಗ್ಯಾಲರಿಗೆ ಅಟ್ಟುತ್ತಾನೆ. ಆದರೆ ಪಂದ್ಯದಲ್ಲಿ 95 ಮೈಲಿಯ ಫಾಸ್ಟ್‌ಬಾಲನ್ನು ಎಡಕ್ಕೆ ಎಳೆದು ಹೊಡೆಯುತ್ತಿದ್ದ ಬಲಗೈ ಬ್ಯಾಟರನ ಚೆಂಡುಗಳು ಈಗ ಬಲಕ್ಕೆ, ಹಿಂದಕ್ಕೆ ಫೌಲಾಗಿ ಹೋಗತೊಡಗುತ್ತವೆ. ಆತ ಒಂದು ಚೂರು ತಡವಾಗಿದ್ದಾನೆ. ಆತನಿಗೂ ಅದು ತಿಳಿಯುತ್ತದೆ. ಅನುಭವಿ ಎಂಬ ಮಾತಿನ ಅರ್ಥವೇ ಅದು.

ತಿಳಿದ ಮೇಲೆ ಅನುಭವಿ ಸುಮ್ಮನೆ ಕೂರುವುದಿಲ್ಲ. ಒಂದು ಚೂರು ಮೊದಲೇ ಬೀಸಲು ಆರಂಭಿಸುತ್ತಾನೆ. ಫಾಸ್ಟ್‌ಬಾಲ್ ಬರುತ್ತದೆಂದು ಮೊದಲೇ ನಂಬಿ ಬೀಸತೊಡಗುವುದಕ್ಕೆ ಆ ಆಟದ ಭಾಷೆಯಲ್ಲಿ ‘ಚೀಟ್ ಮಾಡುವುದು’ ಎನ್ನುತ್ತಾರೆ. ನಿಯಮ ಮುರಿಯುವ ಮೋಸವಲ್ಲ, ಕಾಲಕ್ಕೆ ಮಾಡುವ ಮೋಸ. ಕೆಲವು ವಾರ ಈ ಉಪಾಯ ಫಲಿಸುತ್ತದೆ. ಫಾಸ್ಟ್‌ಬಾಲ್ ಮತ್ತೆ ಬ್ಯಾಟಿನ ನಡುವಿಗೆ ಸಿಗುತ್ತದೆ, ಪತ್ರಿಕೆಗಳು ಹಳೆಯ ಹುಲಿ ಎಂದು ಬರೆಯುತ್ತವೆ. ಆದರೆ ಸೆಕೆಂಡಿನ ನೂರನೇ ಒಂದು ಭಾಗ ಮೊದಲು ಆರಂಭಿಸಿದವನು, ಚೆಂಡನ್ನು ನೋಡಿ ತೀರ್ಮಾನಿಸುವುದಕ್ಕೆ ಇದ್ದ ಕಾಲು ಸೆಕೆಂಡಿನಿಂದ ಅದನ್ನು ಸಾಲ ತೆಗೆದಿರುತ್ತಾನೆ. ಅಷ್ಟು ಹೊತ್ತಿನಲ್ಲಿ ಚೆಂಡು ಸುಮಾರು 40 ಸೆಂಟಿಮೀಟರ್ ಚಲಿಸುತ್ತದೆ. ಅಂದರೆ ಮೊದಲಿಗಿಂತ 40 ಸೆಂಟಿಮೀಟರ್ ದೂರದಲ್ಲಿರುವಾಗಲೇ ಇದು ಫಾಸ್ಟ್‌ಬಾಲೋ ಸ್ಲೈಡರೋ ಎಂದು ಆತ ಹೇಳಬೇಕು. ಒಳ್ಳೆಯ ಸ್ಲೈಡರ್ ಫಾಸ್ಟ್‌ಬಾಲಿನ ಹಾದಿಯಲ್ಲಿಯೇ ಬಂದು, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೂ ಕೆಳಕ್ಕೂ ಸರಿಯುವ ಚೆಂಡು. ಅದು ತನ್ನ ಗುಟ್ಟು ಬಿಟ್ಟುಕೊಡುವುದೇ ಆ ಕೊನೆಯ ಹಾದಿಯಲ್ಲಿ. 85 ಮೈಲಿಯ ಸ್ಲೈಡರ್ ಪ್ಲೇಟಿನ ಬಳಿ ಬರುವಾಗ 95 ಮೈಲಿಯ ಫಾಸ್ಟ್‌ಬಾಲಿಗಿಂತ 0.05 ಸೆಕೆಂಡು ತಡವಾಗಿರುತ್ತದೆ; ಅಷ್ಟರೊಳಗೆ ನಮ್ಮ ಬ್ಯಾಟರನ ಬ್ಯಾಟು ಗಾಳಿಯನ್ನು ಸೀಳಿ ಆಚೆ ಬದಿಗೆ ಹೋಗಿರುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೋಡುವವರಿಗೆ ಆತ ಸ್ಲೈಡರ್ ಆಡಲಾರದವನಂತೆ ಕಾಣುತ್ತಾನೆ. ಚೆಂಡು ಬರಬೇಕಾದ ಎಲ್ಲೆಯಾದ ಸ್ಟ್ರೈಕ್ ವಲಯದ ಹೊರಗೆ ಒಂದು ಗೇಣು ದೂರ ಹೋಗುವ ಚೆಂಡಿಗೂ ಬೀಸುತ್ತಾನೆ. ಇಷ್ಟು ವರ್ಷ ಆಡಿದವನಿಗೆ ಇದೂ ಬೇಡವೇ ಎಂದು ಜನ ಗೊಣಗುತ್ತಾರೆ. ಕಣ್ಣಿನ ದೋಷ, ತಾಳ್ಮೆಯ ದೋಷ ಎಂದು ವಿಶ್ಲೇಷಕರು ಹೇಳುತ್ತಾರೆ. ಆದರೆ ಮೂಲ ದೋಷ ಸ್ಲೈಡರಿನಲ್ಲಿಲ್ಲ, ಫಾಸ್ಟ್‌ಬಾಲಿನಲ್ಲಿದೆ. ಫಾಸ್ಟ್‌ಬಾಲಿಗೆ ತಡವಾಗುವ ಭಯ ಸ್ಲೈಡರಿಗೆ ಬೇಗ ಬೀಸುವ ತಪ್ಪಾಗಿ ತೋರುತ್ತದೆ. ನೋವು ಒಂದು ಕಡೆ, ಊತ ಇನ್ನೊಂದು ಕಡೆ. ಊತಕ್ಕೆ ಮದ್ದು ಹಚ್ಚಿ, ‘ಇನ್ನು ಮೇಲೆ ತಾಳಿ ನೋಡುತ್ತೇನೆ’ ಎಂದು ಆತ ಕಾಯತೊಡಗಿದರೆ ಫಾಸ್ಟ್‌ಬಾಲ್ ಮತ್ತೆ ದಾಟಿ ಹೋಗುತ್ತದೆ. ಆಗ ಯಾವ ಚೆಂಡಿಗೂ ಹೊತ್ತಿಗೆ ಸರಿಯಾಗಿ ಒದಗದೆ, ಎಲ್ಲದಕ್ಕೂ ಒಂದಿಷ್ಟು ತಪ್ಪುವ ಸ್ಥಿತಿಯೊಂದು ಉಂಟಾಗುತ್ತದೆ. ಹಳಬರ ಸ್ಲಂಪ್ ಎಂದು ನಾನು ಕರೆಯುವುದು ಈ ಸ್ಥಿತಿಯನ್ನು.

ಎದುರಾಳಿಗಳು ಇದನ್ನು ಕಂಡುಹಿಡಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಋತುವಿನಲ್ಲಿ 162 ಪಂದ್ಯ, ವಾರಕ್ಕೆ ಆರು ದಿನ ಆಟ; ಪ್ರತಿ ಚೆಂಡೂ ದಾಖಲಾಗುತ್ತದೆ. ಈ ವಾರ ಒಬ್ಬ ಪಿಚರ್ ಹೊರಗಿನ ಸ್ಲೈಡರಿನಿಂದ ಯಶಸ್ಸು ಪಡೆದರೆ ಮುಂದಿನ ವಾರದ ಪಿಚರ್ ಅದನ್ನೇ ಇನ್ನೆರಡು ಹೆಚ್ಚು ಎಸೆಯುತ್ತಾನೆ. ಹೊಸ ಬ್ಯಾಟರನ ದೌರ್ಬಲ್ಯವನ್ನು ಲೀಗ್ ಒಮ್ಮೆ ಕಲಿಯುತ್ತದೆ, ಅವನು ತಿದ್ದಿಕೊಳ್ಳುತ್ತಾನೆ, ಆಟ ಮುಂದುವರಿಯುತ್ತದೆ. ಹಳಬನ ವಿಷಯದಲ್ಲಿ ಲೀಗಿಗೆ ಹದಿನೈದು ವರ್ಷದ ಹಳೆಯ ತಿಳಿವಳಿಕೆ ಇರುತ್ತದೆ. ಅದರಲ್ಲಿ ಬದಲಾದ ಒಂದು ಸಾಲು ಬೇಗ ಎದ್ದು ಕಾಣುತ್ತದೆ. ಆತ ತಡವಾಗುತ್ತಿದ್ದಾನೆ ಎಂಬ ಆ ಒಂದೇ ಸಾಲು ಸಾಕು.

ಬಾಸ್ಟನ್ ರೆಡ್ ಸಾಕ್ಸ್ ತಂಡದ ಡೇವಿಡ್ ಓರ್ಟಿಜ್ ಅವರಿಗೆ 2009ರಲ್ಲಿ ಮೂವತ್ತಮೂರು ವರ್ಷ. 2006ರಲ್ಲಿ 54 ಹೋಮ್ ರನ್ ಹೊಡೆದಿದ್ದ ಅವರಿಗೆ ಆ ವರ್ಷ ಮೊದಲ ಹೋಮ್ ರನ್ ಸಿಕ್ಕಿದ್ದು ಮೇ 20ರಂದು. ಹಿಂದಿನ ವರ್ಷ ಅವರ ಮಣಿಕಟ್ಟಿಗೆ ಪೆಟ್ಟಾಗಿತ್ತು. ಇನ್ನು ಮುಗಿಯಿತು ಎಂದು ಬರೆದವರಿಗೆ ಕೊರತೆಯಿರಲಿಲ್ಲ. ಆ ವರ್ಷದ ಸರಾಸರಿ .238ರಲ್ಲಿಯೇ ನಿಂತರೂ, ಉಳಿದ ನಾಲ್ಕು ತಿಂಗಳಲ್ಲಿ ಅವರು ಇನ್ನೂ 27 ಹೋಮ್ ರನ್ ಹೊಡೆದರು. ಅಷ್ಟೇ ಅಲ್ಲ, ಅದಾದ ಏಳು ವರ್ಷಗಳ ಮೇಲೆ, 2016ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ .315ರ ಸರಾಸರಿಯಲ್ಲಿ 38 ಹೋಮ್ ರನ್ ಹೊಡೆದು ನಿವೃತ್ತರಾದರು.

ಓರ್ಟಿಜ್ ಅವರ ಮಣಿಕಟ್ಟನ್ನು ನೆನೆದದ್ದಕ್ಕೆ ಕಾರಣವಿದೆ. ವಯಸ್ಸು ಎಂದು ನಾವು ಸುಲಭವಾಗಿ ಹೆಸರಿಡುವ ಎಷ್ಟೋ ಸ್ಲಂಪುಗಳ ಒಳಗೆ ಒಂದು ಗಾಯ ಅಡಗಿರುತ್ತದೆ. 1959ನೆಯ ಇಸವಿ ಈ ದೃಷ್ಟಿಯಿಂದ ಸ್ವಾರಸ್ಯಕರ. ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಅಮೆರಿಕನ್ ಲೀಗಿನ ಟೆಡ್ ವಿಲಿಯಮ್ಸ್, ನ್ಯಾಷನಲ್ ಲೀಗಿನ ಸ್ಟ್ಯಾನ್ ಮ್ಯೂಸಿಯಲ್, ಆ ಕಾಲದ ಇಬ್ಬರು ಅತಿ ದೊಡ್ಡ ಬ್ಯಾಟರುಗಳು, ಒಂದೇ ವರ್ಷ ಮುಗ್ಗರಿಸಿದರು. 1941ರಲ್ಲಿ .406 ಗಳಿಸಿದ್ದ, ಹಿಂದಿನ ವರ್ಷವಷ್ಟೇ ಲೀಗಿನ ಅಗ್ರ ಸರಾಸರಿ ಪಡೆದಿದ್ದ ವಿಲಿಯಮ್ಸ್ .254ಕ್ಕೆ ಇಳಿದರು. ಮ್ಯೂಸಿಯಲ್ .255ಕ್ಕೆ ಇಳಿದರು. ಒಬ್ಬರಿಗೆ ನಲವತ್ತು, ಇನ್ನೊಬ್ಬರಿಗೆ ಮೂವತ್ತೆಂಟು. ತೀರ್ಪು ಬರೆಯಲು ಇನ್ನೇನು ಬೇಕು? ಆದರೆ ವಿಲಿಯಮ್ಸ್ ಅವರ ಕತ್ತಿನಲ್ಲಿ ನರವೊಂದು ಒತ್ತಿಕೊಂಡಿತ್ತು. ಪಿಚರನ ಕಡೆಗೆ ತಲೆ ತಿರುಗಿಸಿ ನಿಲ್ಲುವುದೇ ಕಷ್ಟವಾಗಿತ್ತು. ಮರುವರ್ಷ ಅವರು .316ರ ಸರಾಸರಿಯಲ್ಲಿ 29 ಹೋಮ್ ರನ್ ಹೊಡೆದರು, ತಮ್ಮ ಜೀವನದ ಕೊನೆಯ ಸರದಿಯಲ್ಲಿ ಹೊಡೆದದ್ದೂ ಹೋಮ್ ರನ್ನೇ. ಮ್ಯೂಸಿಯಲ್ ಮೇಲೇಳಲು ಹೆಚ್ಚು ಕಾಲ ತೆಗೆದುಕೊಂಡರು, ಆದರೂ 1962ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, .330 ಗಳಿಸಿದರು.

ಗಾಯ ಅಡಗಿಯೇ ಉಳಿಯುವುದಕ್ಕೆ ಕಾರಣ ಅನುಭವಿಯ ಮರ್ಯಾದೆ. ಹದಿನೈದು ವರ್ಷ ನೋವಿನೊಂದಿಗೆ ಆಡಿ ಗೆದ್ದವನಿಗೆ ನೋವು ಒಂದು ಸುದ್ದಿಯಲ್ಲ. ಮಂಡಿ ನೋಯುತ್ತಿದ್ದರೆ ತೂಕವನ್ನು ಹಿಂಗಾಲಿನಲ್ಲಿ ಇರಿಸಿಕೊಳ್ಳಬೇಕಾದಷ್ಟು ಹೊತ್ತು ಇರಿಸಿಕೊಳ್ಳದೆ ಮುಂದಕ್ಕೆ ಬಿಡುತ್ತಾನೆ. ಪಕ್ಕೆ ಹಿಡಿದಿದ್ದರೆ ಸೊಂಟದ ಕೆಲಸವನ್ನು ಕೈಗೆ ವಹಿಸುತ್ತಾನೆ. ಗಾಯ ಮಾಗಿದ ಮೇಲೂ ಮೈ ಆ ಹೊಸ ಪಾಠವನ್ನು ಮರೆಯುವುದಿಲ್ಲ. ಇಲ್ಲಿಯೂ ಅದೇ ಮಾತು: ನಷ್ಟಕ್ಕಿಂತ ನಷ್ಟವನ್ನು ತುಂಬಿಕೊಳ್ಳಲು ಹೂಡಿದ ಉಪಾಯ ಹೆಚ್ಚು ದಿನ ಬಾಳುತ್ತದೆ.

ಮನಸ್ಸಿನ ಮಾತಿಗೆ ಬರುತ್ತೇನೆ. ಆತ್ಮವಿಶ್ವಾಸ ಕಡಿಮೆಯಾಯಿತು, ಒತ್ತಡ ಹೆಚ್ಚಾಯಿತು ಎಂಬ ವಿವರಣೆಗಳು ಸುಳ್ಳಲ್ಲ. ಆದರೆ ಅವು ಏನನ್ನೂ ವಿವರಿಸುವುದಿಲ್ಲ. ಒತ್ತಡ ಬ್ಯಾಟನ್ನು ಹೇಗೆ ತಲುಪುತ್ತದೆ ಎಂಬುದು ಪ್ರಶ್ನೆ. ರಾಬ್ ಗ್ರೇ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೊಂದು ಉತ್ತರ ಕೊಡುತ್ತವೆ. ಕೃತಕ ಪರದೆಯ ಮುಂದೆ ಬ್ಯಾಟ್ ಬೀಸುವವರಿಗೆ ನಡುವೆ ಒಂದು ಸದ್ದು ಕೇಳಿಸಲಾಗುತ್ತಿತ್ತು. ಒಂದು ಬಗೆಯ ಪರೀಕ್ಷೆಯಲ್ಲಿ ಆ ಸದ್ದು ಏರುದನಿಯೋ ಇಳಿದನಿಯೋ ಎಂದು ಹೇಳಬೇಕು. ಇನ್ನೊಂದರಲ್ಲಿ ಸದ್ದು ಕೇಳಿದ ಕ್ಷಣ ತನ್ನ ಬ್ಯಾಟು ಮೇಲಕ್ಕೆ ಹೋಗುತ್ತಿತ್ತೋ ಕೆಳಕ್ಕೆ ಬರುತ್ತಿತ್ತೋ ಎಂದು ಹೇಳಬೇಕು. ಹೊಸಬರಿಗೆ ತೊಂದರೆ ಕೊಟ್ಟದ್ದು ಮೊದಲನೆಯದು. ಅವರ ಗಮನವೆಲ್ಲ ಬೀಸುವುದಕ್ಕೇ ಬೇಕಾಗಿತ್ತು. ನುರಿತವರಿಗೆ ಸದ್ದಿನ ಗೊಡವೆ ತಟ್ಟಲೇ ಇಲ್ಲ, ಆದರೆ ತಮ್ಮ ಬ್ಯಾಟನ್ನು ತಾವೇ ಗಮನಿಸಬೇಕಾಗಿ ಬಂದಾಗ ಅವರ ಆಟ ಕೆಟ್ಟಿತು. ಇನ್ನೂ ಸ್ವಾರಸ್ಯವಾದುದೆಂದರೆ, ನುರಿತವರು ಲಯ ತಪ್ಪಿದ್ದಾಗ ಬ್ಯಾಟಿನ ದಿಕ್ಕನ್ನು ಹೆಚ್ಚು ಸರಿಯಾಗಿ ಹೇಳಬಲ್ಲವರಾಗಿದ್ದರು. ಚೆನ್ನಾಗಿ ಆಡುತ್ತಿದ್ದಾಗ ತಮ್ಮ ಕೈ ಏನು ಮಾಡುತ್ತಿದೆ ಎಂಬುದು ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ವರ್ಷಗಟ್ಟಲೆ ಅಭ್ಯಾಸದಿಂದ ಮೈಗೆ ಇಳಿದ ವಿದ್ಯೆಯನ್ನು ಮತ್ತೆ ತಲೆಗೆ ಏರಿಸಿದರೆ ಅದು ನಿಧಾನವಾಗುತ್ತದೆ, ಬಿಡಿಬಿಡಿಯಾಗುತ್ತದೆ. ಮೆಟ್ಟಿಲಿಳಿಯುವಾಗ ಯಾವ ಕಾಲು ಮೊದಲು ಎಂದು ಯೋಚಿಸಿದವನು ಎಡವುತ್ತಾನೆ. ಕಾಲು ಸೆಕೆಂಡಿನ ಆಟದಲ್ಲಿ ಈ ಎಡವುವಿಕೆಗೆ ಸಾವಿರ ಅವಕಾಶಗಳಿವೆ, ಏಕೆಂದರೆ ಸ್ಲಂಪಿನಲ್ಲಿರುವ ಅನುಭವಿಯ ಸುತ್ತ ಎಲ್ಲರೂ ಆತನ ಮೈಯನ್ನು ಬಿಡಿ ಭಾಗಗಳಾಗಿಯೇ ನೋಡುತ್ತಿರುತ್ತಾರೆ. ಕೈ ಎತ್ತರವಾಗಿದೆ ಎನ್ನುವವನೊಬ್ಬ, ಮುಂಗಾಲು ತೆರೆದಿದೆ ಎನ್ನುವವನೊಬ್ಬ. ಮೂರು ಕೋನಗಳ ವಿಡಿಯೊ, ಐದು ವರ್ಷದ ಹಿಂದಿನ ಬೀಸಿನೊಂದಿಗೆ ಹೋಲಿಕೆ. ವಿಡಿಯೊ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ, 1997ರಲ್ಲಿ, .372 ಗಳಿಸಿದ ಟೋನಿ ಗ್ವಿನ್ ತಮ್ಮ ಬೀಸನ್ನು ವಿಡಿಯೊದಲ್ಲಿ ಬಿಡದೆ ನೋಡುತ್ತಿದ್ದವರೇ. ಆದರೆ ಗ್ವಿನ್ ನೋಡುತ್ತಿದ್ದುದು ಕೆಟ್ಟಾಗ ಮಾತ್ರವಲ್ಲ. ನೋಡುವುದು ಅವರಿಗೆ ದಿನಚರಿಯಾಗಿತ್ತು. ಗಾಬರಿಯಲ್ಲಿ ತೆರೆದ ವಿಡಿಯೊದಲ್ಲಿ ಹುಡುಕಿದ ತಪ್ಪು ಯಾವಾಗಲೂ ಸಿಗುತ್ತದೆ, ಏಕೆಂದರೆ ಯಾವ ಎರಡು ಬೀಸುಗಳೂ ಒಂದೇ ರೀತಿ ಇರುವುದಿಲ್ಲ.

ಲಯ ಮರಳಿದಾಗ ಅದರ ಹಿರಿಮೆ ಯಾರಿಗೆ ಸಲ್ಲಬೇಕು ಎಂಬ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಗಿಲ್ ಹಾಜಸ್ 1952ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ 21 ಸರದಿ ಆಡಿ ಒಂದೂ ಹಿಟ್ ಪಡೆಯಲಿಲ್ಲ. ಮುಂದಿನ ವಸಂತದಲ್ಲಿಯೂ ಅದೇ ಪಾಡು. ಒಂದು ಭಾನುವಾರ ಬ್ರೂಕ್ಲಿನ್ನಿನ ಪಾದ್ರಿಯೊಬ್ಬರು, ಇವತ್ತು ಪ್ರವಚನ ನೀಡಲಾಗದಷ್ಟು ಸೆಖೆಯಿದೆ, ಮನೆಗೆ ಹೋಗಿ, ದೇವರ ಆಜ್ಞೆಗಳನ್ನು ಪಾಲಿಸಿ, ಗಿಲ್ ಹಾಜಸ್‌ಗಾಗಿ ಒಂದು ಪ್ರಾರ್ಥನೆ ಸಲ್ಲಿಸಿ ಎಂದು ಸಭೆಯನ್ನು ಕಳುಹಿಸಿಕೊಟ್ಟರು. ಹಾಜಸ್ ಆ ವರ್ಷ .302 ಗಳಿಸಿದರು. ಪ್ರಾರ್ಥನೆಯನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಯಾವ ಮದ್ದನ್ನೂ ಜನ ಕೊಡುವುದು ಸರಾಸರಿ ತಳ ಮುಟ್ಟಿದಾಗ, ತಳ ಮುಟ್ಟಿದ ಸರಾಸರಿಗೆ ಮೇಲೇರುವುದೊಂದೇ ದಾರಿ ಉಳಿದಿರುವಾಗ. ಹೊಸ ಬ್ಯಾಟು, ಬೋಳಿಸಿದ ಗಡ್ಡ, ಬದಲಾಯಿಸಿದ ನಿಲುವು, ಎಲ್ಲದಕ್ಕೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವ ನಂಟೇ ಇರಬಹುದು. ಆದರೂ ಬ್ಯಾಟರ್ ಅದನ್ನು ನಂಬಿ ತನ್ನ ಕೈಯನ್ನು ಗಮನಿಸುವುದನ್ನು ಬಿಟ್ಟುಬಿಟ್ಟರೆ ಕಾಗೆಯಿಂದಲೂ ಉಪಕಾರವಾದಂತೆ.

ಎಲ್ಲರ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ 2013ರಲ್ಲಿ 53, 2015ರಲ್ಲಿ 47 ಹೋಮ್ ರನ್ ಹೊಡೆದು, 2016ರ ಆರಂಭದಲ್ಲಿ ಏಳು ವರ್ಷಕ್ಕೆ 16.1 ಕೋಟಿ ಡಾಲರ್‌ಗಳ ಒಪ್ಪಂದ ಪಡೆದವರು. 2018ರಲ್ಲಿ ಅವರ ಸರಾಸರಿ .168. ಆ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್ 13ರವರೆಗೆ ಸತತ 54 ಸರದಿಗಳಲ್ಲಿ ಅವರಿಗೆ ಹಿಟ್ ಸಿಗಲಿಲ್ಲ. ಪಿಚರುಗಳನ್ನು ಬಿಟ್ಟರೆ ಅದೊಂದು ಬೇಡದ ದಾಖಲೆ. ಬಾಸ್ಟನ್ನಿನಲ್ಲಿ ಆ ಸಾಲು ಮುರಿದಾಗ ಎದುರಾಳಿಯ ಮೈದಾನದಲ್ಲಿಯೂ ಚಪ್ಪಾಳೆ ಕೇಳಿಸಿತು. ಅವರು ಹಳೆಯ ಡೇವಿಸ್ ಮತ್ತೆ ಆಗಲಿಲ್ಲ, 2021ರಲ್ಲಿ ನಿವೃತ್ತರಾದರು.

ಡೇವಿಸ್ ಅವರ ಪಾಲಿಗೆ ಆಟವೇ ಬದಲಾಗಿತ್ತು ಎಂಬುದನ್ನೂ ಸೇರಿಸಬೇಕು. ಎಡಗೈ ಬ್ಯಾಟರುಗಳು ಎಳೆದು ಹೊಡೆಯುವ ಬಲಬದಿಗೆ ಮೂವರು ಒಳ ಫೀಲ್ಡರರನ್ನು ನಿಲ್ಲಿಸುವ ‘ಶಿಫ್ಟ್’ ಆ ವರ್ಷಗಳಲ್ಲಿ ವ್ಯಾಪಕವಾಯಿತು. ಹತ್ತು ವರ್ಷ ಹಿಟ್ ಎನಿಸಿಕೊಂಡಿದ್ದ ಹೊಡೆತ ಔಟ್ ಎನಿಸಿಕೊಳ್ಳತೊಡಗಿತು. 2023ರಲ್ಲಿ, ನಡುವಿನ ಎರಡನೆಯ ಬೇಸಿನ ಪ್ರತಿ ಬದಿಯಲ್ಲೂ ಇಬ್ಬರು ಒಳ ಫೀಲ್ಡರರು ಇರಲೇಬೇಕು ಎಂಬ ನಿಯಮ ಬಂತು. ಕೆಲವರಿಗೆ ಅದು ತಡವಾಗಿ ಬಂದ ನ್ಯಾಯ. ಫಾಸ್ಟ್‌ಬಾಲಿನ ಸರಾಸರಿ ವೇಗವೂ 2008ರ ಸುಮಾರಿಗೆ 92 ಮೈಲಿಯ ಆಸುಪಾಸಿನಲ್ಲಿದ್ದದ್ದು ಈಗ 94ನ್ನು ದಾಟಿದೆ. ಲೀಗಿನ ಒಟ್ಟು ಸರಾಸರಿ 2022ರಲ್ಲಿ .243ಕ್ಕೆ ಇಳಿದಿತ್ತು. ಒಬ್ಬ ಬ್ಯಾಟರ್ ನಿಧಾನವಾಗುತ್ತಿರುವಾಗಲೇ ಚೆಂಡು ಬಿರುಸಾಗುತ್ತಿದ್ದರೆ, ನಾನು ಮೊದಲೇ ಹೇಳಿದ ಸಾಲವನ್ನು ಆತ ಎರಡು ಕಡೆ ತೀರಿಸಬೇಕಾಗುತ್ತದೆ.

ಸ್ಲಂಪ್ ನಡೆಯುತ್ತಿರುವಾಗ ಅದು ಓರ್ಟಿಜ್ ಅವರದ್ದೋ ಡೇವಿಸ್ ಅವರದ್ದೋ ಎಂದು ಹೇಳುವುದು ತಂಡದ ಮ್ಯಾನೇಜರನಿಗೆ ಆಗುವುದಿಲ್ಲ. ಮೇ ತಿಂಗಳಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆತ ಮಾಡಬಲ್ಲದ್ದು ಒಂದುಂಟು: ಬ್ಯಾಟರನ ಕಾಲು ಸೆಕೆಂಡನ್ನು ಆತನಿಗೆ ಹಿಂದಿರುಗಿಸುವುದು. ಎರಡು ದಿನ ವಿಶ್ರಾಂತಿ ಕೊಟ್ಟು ಕಾಲಿನ ಚುರುಕನ್ನು ಮರಳಿಸಬಹುದು. ಎಲ್ಲ ಪಿಚರುಗಳ ಎದುರೂ ನಿಲ್ಲಿಸದೆ, ಚೆಂಡು ಬೇಗ ಕಣ್ಣಿಗೆ ಬೀಳುವಂಥ ಪಿಚರುಗಳ ಎದುರು ಮಾತ್ರ ಆಡಿಸಬಹುದು. ಬಲಗೈ ಬ್ಯಾಟರನಿಗೆ ಎಡಗೈ ಪಿಚರನ ಚೆಂಡು ಚೆನ್ನಾಗಿ ಕಾಣುತ್ತದೆ, ಆತನ ಸ್ಲೈಡರ್ ಕೂಡ ಹೊರಗೆ ಓಡದೆ ಒಳಕ್ಕೆ ಬರುತ್ತದೆ. ಕಾಯುವುದಕ್ಕೆ ಒಂದಿಷ್ಟು ಹೊತ್ತು ಸಿಗುತ್ತದೆ.

ಪೂಹೋಲ್ಸ್ ಅವರಿಗೆ ಕೊನೆಗೆ ದೊರೆತದ್ದು ಅದೇ. 2012ರ ಆ ಏಪ್ರಿಲ್ ಮುಗಿದರೂ ಅವರ ಕಾಲು, ಮಂಡಿಗಳ ತೊಂದರೆ ಮುಗಿಯಲಿಲ್ಲ. 2017ರಿಂದ 2021ರವರೆಗೆ ಯಾವ ವರ್ಷವೂ ಸರಾಸರಿ.245ನ್ನು ದಾಟಲಿಲ್ಲ, 2021ರ ಮೇ ತಿಂಗಳಲ್ಲಿ ಏಂಜಲ್ಸ್ ತಂಡ ಅವರನ್ನು ಕೈಬಿಟ್ಟಿತು. 2022ರಲ್ಲಿ ಹಳೆಯ ತಂಡವಾದ ಕಾರ್ಡಿನಲ್ಸ್ ಅವರನ್ನು ಮರಳಿ ಕರೆದು, ಹೆಚ್ಚಾಗಿ ಎಡಗೈ ಪಿಚರುಗಳ ಎದುರು ಆಡಿಸಿತು. ಸರಾಸರಿ .270ಕ್ಕೆ ಏರಿತು, 24 ಹೋಮ್ ರನ್ ಬಂದವು. ಸೆಪ್ಟೆಂಬರ್ 23ರ ರಾತ್ರಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಅವರು ತಮ್ಮ 699ನೆಯ ಹೋಮ್ ರನ್ನನ್ನು ಎಡಗೈ ಪಿಚರ್ ಆ್ಯಂಡ್ರೂ ಹೀನಿ ಅವರ ಚೆಂಡಿಗೆ ಹೊಡೆದರು. ಮುಂದಿನ ಸರದಿಯಲ್ಲಿ ಎದುರಿಗಿದ್ದವರು ಫಿಲ್ ಬಿಕ್‌ಫರ್ಡ್, ಬಲಗೈ ಪಿಚರ್, ಎಸೆದದ್ದು ಸ್ಲೈಡರ್. ನಲವತ್ತೆರಡು ವರ್ಷದ ಪೂಹೋಲ್ಸ್ ಆ ಚೆಂಡಿಗೆ ಕಾದರು. ಅದು 700ನೆಯದು.